ಈ ವಾರ ನನ್ನ ಪಾಳಿ

2023ರ ಅಕ್ಟೋಬರ್ ತಿಂಗಳ ಕೊನೆಯ ಶನಿವಾರ ಸಂಜೆ, ದಕ್ಷಿಣ ಜರ್ಮನಿಯ ಎಸ್ಲಿಂಗೆನ್ ಊರಿನಲ್ಲಿ, ನಾನು ಬಾಡಿಗೆಗೆ ಹಿಡಿದ ಮನೆಯ ಬಾಗಿಲು ತೆರೆದೆ. ಎರಡು ಕೋಣೆ, ಒಂದು ಸ್ನಾನದ ಮನೆ, ಹಿಂಬದಿಗೆ ಸಣ್ಣ ಬಾಲ್ಕನಿ. ಅಡುಗೆ ಮನೆಯ ಬಾಗಿಲು ತಳ್ಳಿದರೆ ಒಳಗೆ ಅಡುಗೆ ಮನೆಯೇ ಇರಲಿಲ್ಲ. ಗೋಡೆಯಿಂದ ಹೊರಗೆ ಬಂದ ಎರಡು ನೀರಿನ ಪೈಪು, ವಿದ್ಯುತ್ ಒಲೆಗೆಂದು ಬಿಟ್ಟ ದಪ್ಪ ತಂತಿ, ಅಷ್ಟೇ. ಕಟ್ಟೆ ಇಲ್ಲ, ಸಿಂಕ್ ಇಲ್ಲ, ಒಲೆ ಇಲ್ಲ, ಕಪಾಟು ಇಲ್ಲ. ಛಾವಣಿಯಲ್ಲಿ ದೀಪ ಇರಬೇಕಾದ ಕಡೆ ತಂತಿಯ ತುದಿಗಳು ಇಣುಕುತ್ತಿದ್ದವು. ಮೊಬೈಲಿನ ಬೆಳಕಿನಲ್ಲಿ ನಿಂತು, ಯಾರೋ ಎಲ್ಲವನ್ನೂ ಕಿತ್ತುಕೊಂಡು ಹೋಗಿದ್ದಾರೆ ಎಂದುಕೊಂಡೆ. ಕಿತ್ತುಕೊಂಡು ಹೋದದ್ದು ನಿಜವೇ. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆ ಮನೆಯನ್ನು ಹೊಸ ಮನೆಗೆ ಒಯ್ದಿದ್ದರು. ಇಲ್ಲಿ ಅದು ರೂಢಿ. ಮಂಚ, ಮೇಜು ಒಯ್ಯುವಂತೆ ಜನ ಕಟ್ಟೆ, ಒಲೆ, ಸಿಂಕುಗಳನ್ನೂ ಬಿಚ್ಚಿ ಒಯ್ಯುತ್ತಾರೆ, ಇಲ್ಲವೇ ಮುಂದೆ ಬರುವವರಿಗೆ ಬೆಲೆ ಮಾತಾಡಿ ಮಾರುತ್ತಾರೆ. ಕರಾರು ಪತ್ರದಲ್ಲಿ ಆ ಮಾತು ಬರೆದೇ ಇತ್ತು. ಜರ್ಮನ್ ಬಾರದ ನಾನು ಬಾಡಿಗೆಯ ಅಂಕಿ ನೋಡಿ ಸಹಿ ಹಾಕಿದ್ದೆ.

ಇಲ್ಲಿಗೆ ಬರುವವರು ಮನೆ ಹಿಡಿಯುವ ಮುನ್ನ ಕೇಳಲೇಬೇಕಾದ ಮೊದಲ ಪ್ರಶ್ನೆ ಇದು: ಅಡುಗೆ ಮನೆ ಇದೆಯೇ? ಎರಡನೆಯದು, ಹೇಳುತ್ತಿರುವ ಬಾಡಿಗೆ ತಣ್ಣನೆಯದೋ ಬಿಸಿಯದೋ? ಬರಿಯ ಗೋಡೆ, ಸೂರಿಗೆ ಕೊಡುವುದು ತಣ್ಣನೆಯ ಬಾಡಿಗೆ. ಮನೆ ಕಾಯಿಸುವ ಖರ್ಚು, ನೀರು, ಕಸ, ಕಟ್ಟಡದ ನಿರ್ವಹಣೆ ಸೇರಿದರೆ ಬಿಸಿ ಬಾಡಿಗೆ. ಒಂದು ವಿಷಯದಲ್ಲಿ ಮಾತ್ರ ನನಗೆ ನಿರಾಳವಾಯಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ಬದುಕಿದವಳು ನಾನು. ಇಲ್ಲಿ ಕಾನೂನಿನ ಪ್ರಕಾರ ಮುಂಗಡ ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನೂ ಮೂರು ಕಂತುಗಳಲ್ಲಿ ಕೊಡಬಹುದು.

ಮರುದಿನ ಭಾನುವಾರ. ಒಂದು ಬಲ್ಬು, ಒಂದು ಪಾತ್ರೆ, ಹಾಲು ತರಬೇಕೆಂದು ಹೊರಟೆ. ಇಡೀ ಪೇಟೆ ಮುಚ್ಚಿತ್ತು. ಸೂಪರ್ ಮಾರ್ಕೆಟ್, ಬಟ್ಟೆಯಂಗಡಿ, ಕಬ್ಬಿಣದ ಸಾಮಾನಿನ ಅಂಗಡಿ, ಯಾವುದೂ ತೆರೆದಿರಲಿಲ್ಲ. ಒಂದು ಬೇಕರಿ ಬೆಳಗ್ಗೆ ಕೆಲವು ಗಂಟೆ ತೆರೆದಿತ್ತಂತೆ; ನಾನು ಹೋದಾಗ ಅದೂ ಬಾಗಿಲು ಹಾಕಿತ್ತು. ಭಾನುವಾರದ ಬಿಡುವು ಇಲ್ಲಿ ಅಂಗಡಿಯವರ ಇಷ್ಟಕ್ಕೆ ಬಿಟ್ಟದ್ದಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. 1919ರ ವೈಮಾರ್ ಸಂವಿಧಾನ ಭಾನುವಾರವನ್ನು ದುಡಿಮೆಯಿಂದ ಬಿಡುವಿನ ದಿನವೆಂದು ಕಾಪಾಡಿತು. 1949ರ ಈಗಿನ ಸಂವಿಧಾನ ತನ್ನ 140ನೆಯ ವಿಧಿಯ ಮೂಲಕ ಅದೇ ಮಾತನ್ನು ಉಳಿಸಿಕೊಂಡಿತು. ದೊಡ್ಡ ರೈಲು ನಿಲ್ದಾಣದ ಅಂಗಡಿಗಳು, ಪೆಟ್ರೋಲ್ ಬಂಕುಗಳು, ಸರದಿಯ ಮೇಲೆ ತೆರೆಯುವ ಔಷಧಿ ಅಂಗಡಿ, ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆ ದಿನ ನಾನು ಧಾರವಾಡದಿಂದ ಕಟ್ಟಿ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ವಿಮಾನ ಏರುವ ಮೊದಲು ಅಮ್ಮ ಹಟ ಹಿಡಿದು ಚೀಲಕ್ಕೆ ತುಂಬಿದ್ದಳು. ಇಪ್ಪತ್ತು ದಿನ ಕೆಡದ ಆ ರೊಟ್ಟಿ ಇಲ್ಲದಿದ್ದರೆ ಮೊದಲ ವಾರ ಹೇಗೆ ಕಳೆಯುತ್ತಿತ್ತೋ ಗೊತ್ತಿಲ್ಲ.

ಅದೇ ಭಾನುವಾರ ಬೆಳಗಿನ ಜಾವ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಸರಿದಿದ್ದವು. ಮಾರ್ಚ್ ಕೊನೆಯ ಭಾನುವಾರ ಮತ್ತೆ ಮುಂದೆ ಸರಿಯುತ್ತವೆ. ಮೊಬೈಲ್ ತಾನಾಗಿ ಬದಲಾಯಿತು, ಕೈಗಡಿಯಾರ ಬದಲಾಗಲಿಲ್ಲ. ಯಾವುದನ್ನು ನಂಬಬೇಕೆಂದು ತಿಳಿಯದೆ ಕಿಟಕಿಯಿಂದ ಚರ್ಚಿನ ಗಡಿಯಾರ ನೋಡಿ ಹೊಂದಿಸಿಕೊಂಡೆ.

ಸೋಮವಾರದಿಂದ ಕಾಗದದ ಕೆಲಸ ಶುರುವಾಯಿತು. ಹೊಸ ಮನೆಗೆ ಬಂದ ಎರಡು ವಾರದೊಳಗೆ ಪುರಸಭೆಯ ಕಚೇರಿಗೆ ಹೋಗಿ ಹೆಸರು, ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ವಿದೇಶಿಯರಿಗಷ್ಟೇ ಇರುವ ನಿಯಮ ಎಂದುಕೊಂಡಿದ್ದೆ. ಇಲ್ಲಿಯೇ ಹುಟ್ಟಿದವರೂ ಮನೆ ಬದಲಿಸಿದಾಗಲೆಲ್ಲ ಇದನ್ನು ಮಾಡಲೇಬೇಕು. ಮೊದಲ ಸಲ ನಾನು ಪಾಸ್‌ಪೋರ್ಟ್, ವೀಸಾ, ಕರಾರು ಪತ್ರ ಎಲ್ಲ ಒಯ್ದರೂ ವಾಪಸ್ ಬರಬೇಕಾಯಿತು. ಕರಾರು ಪತ್ರ ಸಾಕಾಗುವುದಿಲ್ಲ. ಇವರು ನಿಜವಾಗಿ ನನ್ನ ಮನೆಗೆ ಬಂದಿದ್ದಾರೆ ಎಂದು ಮನೆಯ ಮಾಲೀಕರು ಬರೆದುಕೊಡುವ ಬೇರೆಯದೇ ಒಂದು ಪತ್ರ ಬೇಕು. 2015ರ ನವೆಂಬರ್ 1ರಿಂದ ಅದು ಕಡ್ಡಾಯ. ಕೀಲಿಕೈ ಪಡೆಯುವಾಗಲೇ ಈ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ ಎಂದು ನಾನೀಗ ಹೊಸದಾಗಿ ಬರುವವರಿಗೆಲ್ಲ ಹೇಳುತ್ತೇನೆ.

ನೋಂದಣಿಯ ವೇಳೆ ಧರ್ಮ ಯಾವುದು ಎಂದು ಕೇಳಿದರು. ಬರಿಯ ಅಂಕಿಅಂಶಕ್ಕಾಗಿ ಕೇಳುವುದಲ್ಲ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ಬರೆಸಿದರೆ ಸಂಬಳದಲ್ಲಿ ಚರ್ಚ್ ತೆರಿಗೆ ಕಡಿತವಾಗುತ್ತದೆ. ನಮ್ಮ ರಾಜ್ಯ ಬಾಡನ್-ವ್ಯೂರ್ಟೆಂಬೆರ್ಗ್ ಮತ್ತು ಪಕ್ಕದ ಬವೇರಿಯಾದಲ್ಲಿ ಅದು ಆದಾಯ ತೆರಿಗೆಯ 8 ಶೇಕಡ, ಉಳಿದೆಡೆ 9. ಸರ್ಕಾರವೇ ವಸೂಲಿ ಮಾಡಿ ಚರ್ಚಿಗೆ ದಾಟಿಸುತ್ತದೆ. ಮಂಗಳೂರಿನಿಂದ ಬಂದ ಒಬ್ಬ ಕ್ಯಾಥೊಲಿಕ್ ಗೆಳತಿ ಈ ಕಡಿತವನ್ನು ಸಂಬಳದ ಚೀಟಿಯಲ್ಲಿ ನೋಡಿಯೇ ತಿಳಿದುಕೊಂಡಳು. ಅವಳು ಅದನ್ನು ಸಂತೋಷದಿಂದಲೇ ಕೊಡುತ್ತಿದ್ದಾಳೆ. ಮೊದಲೇ ಗೊತ್ತಿರಬೇಕಿತ್ತು ಎಂಬುದಷ್ಟೇ ಅವಳ ಮಾತು.

ನೋಂದಣಿಯ ನಂತರ ಹನ್ನೊಂದು ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ ಎಂದಿದ್ದರು. ಮೂರು ವಾರ ಕಾದರೂ ಬರಲಿಲ್ಲ. ಬ್ಯಾಂಕಿನ ಕಾರ್ಡ್ ಬರಲಿಲ್ಲ. ತೆರಿಗೆ ಸಂಖ್ಯೆ ಕೊಡದ ಕಾರಣ ಮೊದಲ ತಿಂಗಳ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿದರು. ಅಂಚೆಯವರ ತಪ್ಪೆಂದು ದೂರಲು ಹೊರಟಿದ್ದೆ. ಆಗ ಮಾತಾಡಿಸಿದವರು ಅದೇ ಮಹಡಿಯ ಎದುರು ಮನೆಯವರು. ಎಪ್ಪತ್ತೆಂಟು ವರ್ಷದ, ಒಬ್ಬರೇ ಇರುವ ಹೆಂಗಸು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅಜ್ಜಿ ಎನ್ನುತ್ತೇನೆ. ಅವರೆದುರು ಹಾಗೆ ಕರೆದವಳಲ್ಲ. ನನ್ನನ್ನು ಕೆಳಗೆ ಮುಖ್ಯ ಬಾಗಿಲಿನವರೆಗೆ ಕರೆದುಕೊಂಡು ಹೋಗಿ ಅಂಚೆಪೆಟ್ಟಿಗೆ ತೋರಿಸಿದರು. ಐದು ಪೆಟ್ಟಿಗೆಗಳ ಮೇಲೆ ಐದು ಹೆಸರು. ಆರನೆಯದು ಖಾಲಿ.

ಇಲ್ಲಿಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗಳಿಗೆ ಸಂಖ್ಯೆ ಇರುವುದಿಲ್ಲ. ಎರಡನೆಯ ಮಹಡಿ, ಎಡಗಡೆ ಎಂದು ಯಾರೂ ಹುಡುಕುವುದಿಲ್ಲ. ಅಂಚೆಯವರು ಹೆಸರು ನೋಡುತ್ತಾರೆ, ಹೆಸರಿಲ್ಲದಿದ್ದರೆ ಪತ್ರ ಹಿಂದಿರುಗಿಸುತ್ತಾರೆ. ಬಾಗಿಲಿನ ಕರೆಗಂಟೆಯ ಮೇಲೂ ಅಷ್ಟೇ, ಅಡ್ಡಹೆಸರು ಮಾತ್ರ. ಅಜ್ಜಿ ತಮ್ಮ ಮನೆಯಿಂದ ಕಾಗದದ ಪಟ್ಟಿ, ಕತ್ತರಿ ತಂದರು. ನನ್ನ ಅಡ್ಡಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಬರೆದರು. ಪೆಟ್ಟಿಗೆಗೊಂದು, ಗಂಟೆಗೊಂದು. ಮುಂದಿನ ವಾರದಿಂದ ಪತ್ರಗಳು ಬಂದವು. ಹೆಚ್ಚಾಗಿ ಹಿಡಿದ ತೆರಿಗೆಯೂ ಆಮೇಲೆ ವಾಪಸ್ ಬಂತು. ಪತ್ರಗಳ ಜೊತೆಗೆ ಪ್ರಸಾರ ಶುಲ್ಕದ್ದೂ ಒಂದು ಬಂತು. ಟಿವಿ ಇರಲಿ, ಇಲ್ಲದಿರಲಿ, ಪ್ರತಿ ಮನೆಯೂ ಸಾರ್ವಜನಿಕ ರೇಡಿಯೊ, ಟಿವಿಗಾಗಿ ತಿಂಗಳಿಗೆ 18.36 ಯೂರೊ ಕೊಡಬೇಕು. ಅದನ್ನು ಜಾಹೀರಾತಿನ ಕಾಗದವೆಂದು ಎಸೆಯಬಾರದು.

ಡಿಸೆಂಬರ್ ಮೊದಲ ಭಾನುವಾರ ರಾತ್ರಿ ಬಾಗಿಲು ತೆರೆದರೆ, ನನ್ನ ಬಾಗಿಲಿನ ಹಿಡಿಗೆ ಒಂದು ಪುಟ್ಟ ಮರದ ಹಲಗೆ ದಾರದಿಂದ ತೂಗುತ್ತಿತ್ತು. ಅದರ ಮೇಲೆ ಒಂದೇ ಪದ: ಕೇರ್‌ವೊಖೆ. ನಿಘಂಟಿನಲ್ಲಿ ನೋಡಿದೆ. ಗುಡಿಸುವ ವಾರ. ನಮ್ಮ ಧಾರವಾಡದ ಮಾತಿನಲ್ಲಿ ಹೇಳುವುದಾದರೆ, ಈ ವಾರ ನನ್ನ ಪಾಳಿ.

ಪಾಳಿ ಬಂದ ಮೇಲೆ ಚೆನ್ನಾಗಿಯೇ ಮಾಡಬೇಕು ಎಂದುಕೊಂಡೆ. ನಮ್ಮ ಮನೆಯಲ್ಲಿ ಅಮ್ಮ ಶುಕ್ರವಾರ ಬೆಳಗ್ಗೆ ಪಡಸಾಲೆಯಿಂದ ಅಂಗಳದವರೆಗೆ ಕೊಡಗಟ್ಟಲೆ ನೀರು ಸುರಿದು ತೊಳೆಯುತ್ತಾಳೆ. ತೊಳೆಯುವುದು ಎಂದರೆ ನನಗೆ ಅದೊಂದೇ ಗೊತ್ತು. ಶನಿವಾರ ಎರಡು ಬಕೆಟ್ ನೀರು ತಂದು ಮೆಟ್ಟಿಲಿನ ಮೇಲೆ ಸುರಿದು ಪೊರಕೆಯಿಂದ ಉಜ್ಜಿದೆ. ಮೆಟ್ಟಿಲುಗಳು ನೂರು ವರ್ಷಕ್ಕೂ ಹಳೆಯವು, ಮರದವು, ಮೇಣ ಹಾಕಿ ನುಣುಪು ಮಾಡಿದವು. ನೀರು ಸಂದಿಗಳಲ್ಲಿ ಇಳಿದು ಕೆಳಗಿನ ಮಹಡಿಯ ಗೋಡೆಯ ಮೇಲೆ ಹರಿಯಿತು. ಸದ್ದು ಕೇಳಿ ಅಜ್ಜಿ ಹೊರಬಂದರು. ನನಗೆ ಬೈಗುಳ ತಪ್ಪದು ಎಂದು ನಿಂತೆ. ಅವರು ಒಳಗೆ ಹೋಗಿ ಹಳೆಯ ಟವೆಲುಗಳ ರಾಶಿ ತಂದು, ಒಂದನ್ನು ನನ್ನ ಕೈಗಿತ್ತು, ಇನ್ನೊಂದನ್ನು ಹಿಡಿದು ಮೆಟ್ಟಿಲಿನ ಮೇಲೆ ಮಂಡಿಯೂರಿದರು. ಇಬ್ಬರೂ ಒಂದು ಗಂಟೆ ಒರೆಸಿದೆವು. ಕೊನೆಗೆ ಒಂದು ಬಟ್ಟೆಯನ್ನು ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಒಂದು ಹನಿಯೂ ಬೀಳುವುದಿಲ್ಲ ಎಂದು ಎತ್ತಿ ತೋರಿಸಿದರು. ಇಷ್ಟು ನೀರು ಸಾಕು ಎಂಬುದು ಅದರ ಅರ್ಥ. ಕೆಳಗಿನ ಮನೆಗೆ ನನ್ನ ಜೊತೆ ಬಂದು, ನಾನು ಕ್ಷಮೆ ಕೇಳುವಾಗ ಪಕ್ಕದಲ್ಲಿ ನಿಂತರು. ಆ ದಿನವನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಈ ಗುಡಿಸುವ ವಾರ ಜರ್ಮನಿಯ ಎಲ್ಲ ಕಡೆಯೂ ಇಲ್ಲ. ಇದು ಶ್ವಾಬಿಯಾ ಸೀಮೆಯ, ಅಂದರೆ ಸ್ಟುಟ್‌ಗಾರ್ಟ್ ಸುತ್ತಲಿನವರ, ಹೆಮ್ಮೆಯ ಪದ್ಧತಿ. ಇದರ ಬೇರು 1492ರ ಸ್ಟುಟ್‌ಗಾರ್ಟ್ ನಗರ ಕಾಯಿದೆಯವರೆಗೆ ಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ತಿಪ್ಪೆಯನ್ನು ವಾರಕ್ಕೊಮ್ಮೆ ಊರ ಹೊರಗೆ ಸಾಗಿಸಬೇಕು ಎಂದು ಅದರಲ್ಲಿದೆ. ಸ್ಟುಟ್‌ಗಾರ್ಟ್ ನಗರ ವಾರವಾರ ಗುಡಿಸುವ ಕಡ್ಡಾಯವನ್ನು 1988ರಲ್ಲಿ ಸಡಿಲಿಸಿತು. ಆದರೂ ಬಾಡಿಗೆ ಕರಾರುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಜನರ ಮನಸ್ಸಿನಲ್ಲಿ, ಅದು ಉಳಿದಿದೆ. ಇದರಲ್ಲಿ ಚಿಕ್ಕದು, ದೊಡ್ಡದು ಎಂದು ಎರಡು ಬಗೆ. ಚಿಕ್ಕದು ನಮ್ಮ ಮಹಡಿಯ ಮೆಟ್ಟಿಲು, ಬಾಗಿಲ ಮುಂದಿನ ಜಗಲಿ; ಎದುರುಬದುರಿನ ಎರಡು ಮನೆಗಳ ನಡುವೆ ವಾರ ಬಿಟ್ಟು ವಾರ ಹಲಗೆ ಓಡಾಡುತ್ತದೆ. ದೊಡ್ಡದರಲ್ಲಿ ನೆಲಮಾಳಿಗೆ, ಅಂಗಳ, ಮನೆಯ ಮುಂದಿನ ಕಾಲುದಾರಿ, ಕಸದ ಡಬ್ಬಿಗಳನ್ನು ಬೀದಿಗೆ ಇಡುವುದು, ಎಲ್ಲ ಸೇರುತ್ತದೆ. ಅದು ಆರು ಮನೆಗಳಿಗೂ ಸರದಿಯ ಮೇಲೆ ಬರುತ್ತದೆ.

ದೊಡ್ಡ ಪಾಳಿ ನನಗೆ ಬಂದದ್ದು ಜನವರಿಯಲ್ಲಿ, ಹಿಮ ಬಿದ್ದ ವಾರ. ನಮ್ಮ ಬೀದಿಯಲ್ಲಿ ಬೆಳಗ್ಗೆ 7ರೊಳಗೆ ಕಾಲುದಾರಿಯ ಹಿಮ ಬಳಿದು ಸಣ್ಣ ಜಲ್ಲಿ ಚೆಲ್ಲಬೇಕು. ಯಾರಾದರೂ ಜಾರಿ ಬಿದ್ದು ಕಾಲು ಮುರಿದುಕೊಂಡರೆ ಹೊಣೆ ಪಾಳಿಯವರ ಮೇಲೆ ಬರಬಹುದು. ಐದೂವರೆಗೆ ಎದ್ದು, ಕತ್ತಲೆಯಲ್ಲಿ, ಜೀವನದಲ್ಲಿ ಮೊದಲ ಬಾರಿಗೆ ಹಿಮದ ಸಲಿಕೆ ಹಿಡಿದೆ. ಬೀದಿಯ ಉದ್ದಕ್ಕೂ ಪ್ರತಿ ಮನೆಯ ಮುಂದೆ ಒಬ್ಬೊಬ್ಬರು ನಿಂತು ಬಳಿಯುತ್ತಿದ್ದರು. ನೋಡಿದವರೆಲ್ಲ ಗ್ರ್ಯೂಸ್ ಗೊಟ್ ಎಂದರು. ದೇವರು ನಿಮ್ಮನ್ನು ಹರಸಲಿ ಎಂಬಂಥ ಅರ್ಥದ, ದಕ್ಷಿಣದವರ ನಮಸ್ಕಾರ ಅದು. ಮೂರು ತಿಂಗಳು ಆ ಬೀದಿಯಲ್ಲಿ ಓಡಾಡಿದರೂ ಆ ಬೆಳಗ್ಗೆಯೇ ನಾನು ಆ ಬೀದಿಯವಳಾದೆ ಅನ್ನಿಸಿತು. ಜರ್ಮನರು ಬಿಗುಮಾನದವರು, ಬೆರೆಯುವುದಿಲ್ಲ ಎಂಬ ಮಾತನ್ನು ಬಹಳ ಜನರಿಂದ ಕೇಳಿದ್ದೇನೆ. ಬೆರೆಯುವ ಜಾಗ ಬೇರೆ ಇದೆ ಎಂದು ಅವರಿಗೆ ಹೇಳುತ್ತೇನೆ. ಸಲಿಕೆ ಹಿಡಿದು ಬೀದಿಗಿಳಿದರೆ ಸಿಗುತ್ತದೆ.

ಅಷ್ಟರಲ್ಲಿ ಅಡುಗೆ ಮನೆ ಕೂಡಿಸಿಕೊಂಡಿದ್ದೆ. ಊರು ಬಿಡುತ್ತಿದ್ದ ಒಬ್ಬ ವಿದ್ಯಾರ್ಥಿಯಿಂದ ಕಟ್ಟೆ, ಸಿಂಕು, ವಿದ್ಯುತ್ ಒಲೆ ಕೊಂಡು ಕೂರಿಸಿದೆ. ಮೊದಲ ಭಾನುವಾರವೇ ಸಾರಿಗೆ ಒಗ್ಗರಣೆ ಹಾಕಿದಾಗ, ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದೊಡನೆ, ಕೋಣೆಯ ಛಾವಣಿಯಲ್ಲಿದ್ದ ಹೊಗೆ ಸೂಚಕ ಕಿವಿ ಹರಿಯುವಂತೆ ಕೂಗಿತು. ಮಲಗುವ ಕೋಣೆಗಳಲ್ಲಿ, ಅಲ್ಲಿಂದ ಹೊರಗೆ ಹೋಗುವ ಹಾದಿಯಲ್ಲಿ ಈ ಸೂಚಕ ಇರಲೇಬೇಕೆಂದು ನಮ್ಮ ರಾಜ್ಯದ ಕಾನೂನಿದೆ. ಹಳೆಯ ಮನೆಗಳಿಗೂ 2014ರ ಕೊನೆಯೊಳಗೆ ಹಾಕಿಸಬೇಕಿತ್ತು. ಅಜ್ಜಿ ಓಡಿ ಬಂದರು. ಕೆಮ್ಮುತ್ತಲೇ ಹೀಟರು ಆರಿಸಿ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು, ಗಡಿಯಾರ ನೋಡಿದರು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಹತ್ತು ನಿಮಿಷ ಹಾಗೇ ಬಿಟ್ಟು ಮುಚ್ಚಿದರು. ಚಳಿಗಾಲದಲ್ಲೂ ದಿನಕ್ಕೆರಡು ಮೂರು ಸಲ ಹೀಗೆ ಮಾಡಬೇಕು, ಇಲ್ಲದಿದ್ದರೆ ಒಳಗಿನ ತೇವ ಗೋಡೆಗೆ ಕೂತು ಬೂಸ್ಟು ಹಿಡಿಯುತ್ತದೆ. ನನ್ನ ಕರಾರಿನಲ್ಲಿ ಇದೂ ಬರೆದಿತ್ತು. ನಾವು ಕುಕ್ಕರಿನಲ್ಲಿ ಅನ್ನ, ಬೇಳೆ ಬೇಯಿಸುವವರು, ಮನೆಯೊಳಗೆ ಬಟ್ಟೆ ಒಣಹಾಕುವವರು. ನಮಗೆ ಈ ಮಾತು ಇತರರಿಗಿಂತ ಹೆಚ್ಚು ಮುಖ್ಯ. ಆ ದಿನ ಅವರು ಸಾರು ಉಂಡು ಹೋದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿ ಮಾಡಿದರು.

ಹೊತ್ತು ಹೇಳುವ ರೀತಿಯಲ್ಲಿ ನಾನು ಒಮ್ಮೆ ಸೋತೆ. ನಮ್ಮ ಮನೆಯ ಗ್ಯಾಸ್ ಹೀಟರು ಪರೀಕ್ಷಿಸಲು ಚಿಮಣಿ ಸ್ವಚ್ಛ ಮಾಡುವವರು ಬರುತ್ತಾರೆ. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಅವರು ಎದುರಾದರೆ ಅದೃಷ್ಟ ಎಂದು ಇಲ್ಲಿಯವರ ನಂಬಿಕೆ. ಹಾಲ್ಬ್ ದ್ರಾಯ್‌ಗೆ ಬರುತ್ತಾರೆ ಎಂದು ಕೆಳಗಿನ ಮನೆಯವರು ಹೇಳಿದರು. ಹಾಲ್ಬ್ ಎಂದರೆ ಅರ್ಧ, ದ್ರಾಯ್ ಎಂದರೆ ಮೂರು. ನಾನು ಮೂರೂವರೆ ಎಂದುಕೊಂಡೆ. ಅದು ಎರಡೂವರೆ. ಮೂರನೆಯ ಗಂಟೆಯಲ್ಲಿ ಅರ್ಧ ಕಳೆದಿದೆ ಎಂಬ ಲೆಕ್ಕ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶ್ವಾಬಿಯಾದವರು ಎರಡೂಕಾಲಿಗೆ ಕಾಲು ಮೂರು ಎಂದೂ, ಎರಡೂಮುಕ್ಕಾಲಿಗೆ ಮುಕ್ಕಾಲು ಮೂರು ಎಂದೂ ಹೇಳುತ್ತಾರೆ. ಅಂಕಿಗಳಲ್ಲೂ ಹೀಗೆಯೇ. ಐವತ್ತನಾಲ್ಕನ್ನು ನಾಲ್ಕು ಮತ್ತು ಐವತ್ತು ಎನ್ನುತ್ತಾರೆ. ಫೋನ್ ಸಂಖ್ಯೆಯನ್ನು ಎರಡೆರಡು ಅಂಕಿ ಸೇರಿಸಿ ಹೇಳಿದರೆ ಒಂದೊಂದಾಗಿ ಹೇಳಿ ಎಂದು ಸಂಕೋಚವಿಲ್ಲದೆ ಕೇಳಿ. ಎಲ್ಲರೂ ಹೇಳುತ್ತಾರೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ನೀರಿನ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳ ಬೆಲೆಯ ಜೊತೆ 25 ಸೆಂಟ್ ಠೇವಣಿ ಸೇರಿರುತ್ತದೆ; ಮರುಬಳಕೆಯ ಬಿಯರ್ ಗಾಜಿನ ಬಾಟಲಿಗೆ 8 ಸೆಂಟ್. ಖಾಲಿಯಾದ ಮೇಲೆ ಅಂಗಡಿಯ ಯಂತ್ರಕ್ಕೆ ಕೊಟ್ಟರೆ ಹಣ ವಾಪಸ್. ಬಾಟಲಿಯನ್ನು ಚಪ್ಪಟೆ ಮಾಡಬಾರದು, ಯಂತ್ರ ಅದರ ಗುರುತನ್ನು ಓದಬೇಕು. ಹೊರಗೆ ಕುಡಿದವರು ಬಾಟಲಿಯನ್ನು ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಆಯ್ದು ಬದುಕುವವರು ಕಸಕ್ಕೆ ಕೈ ಹಾಕಬೇಕಾಗಬಾರದು ಎಂದು. ರೈಲು, ಬಸ್‌ಗಳಲ್ಲಿ ಟಿಕೆಟ್ ನೋಡುವ ಗೇಟುಗಳಿಲ್ಲ. ಯಾವಾಗಲೋ ಬರುವ ತಪಾಸಣೆಯಲ್ಲಿ ಟಿಕೆಟ್ ಇಲ್ಲದಿದ್ದರೆ 60 ಯೂರೊ ದಂಡ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಭಾನುವಾರ ಇಡೀ ದಿನ, ಮೊಳೆ ಹೊಡೆಯುವುದು, ಯಂತ್ರ ಓಡಿಸುವುದು ಕೂಡದು. ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವುದಕ್ಕೂ ಭಾನುವಾರ ಬಿಡುವು, ಒಡೆಯುವ ಸದ್ದು ಅಕ್ಕಪಕ್ಕದವರಿಗೆ ಕೇಳುತ್ತದೆ. ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ ಶುಭ ಕೋರಬೇಡಿ. ನಾನು ಪ್ರೀತಿಯಿಂದಲೇ ಕೋರಿದಾಗ ಸಹೋದ್ಯೋಗಿಯ ಮುಖ ಸಪ್ಪಗಾಯಿತು. ದಿನ ಬರುವ ಮುನ್ನ ಹಾರೈಸಿದರೆ ಅಪಶಕುನ. ಮತ್ತು ಕಚೇರಿಗೆ ಕೇಕ್ ತರಬೇಕಾದವರು ಹುಟ್ಟುಹಬ್ಬದವರೇ.

ಧಾರವಾಡದಲ್ಲಿ ಕಿಟೆಲ್ ಕಾಲೇಜಿನ ಮುಂದೆ ಓಡಾಡುತ್ತ ಬೆಳೆದವಳು ನಾನು. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಎಸ್ಲಿಂಗೆನ್ ಎಂದು ಊರಿನ ಹೆಸರು ಹೇಳಿದ ದಿನವೇ ಫೋನಿನಲ್ಲಿ ಅವರ ದನಿ ಬದಲಾಯಿತು. “ಮೋಗ್ಲಿಂಗ್ ತೀರಿಕೊಂಡ ಊರಲ್ಲವೇನಮ್ಮ ಅದು?” ಎಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ಸತ್ತದ್ದು ಈ ಊರಿನಲ್ಲಿ. ಇಲ್ಲಿಂದ ನೆಕಾರ್ ನದಿಯ ಗುಂಟ ರೈಲಿನಲ್ಲಿ ಹೋದರೆ ಟ್ಯೂಬಿಂಗೆನ್ ಬರುತ್ತದೆ. ಮೋಗ್ಲಿಂಗ್ ಓದಿದ ಊರು ಅದು. ಕನ್ನಡದ ಕೆಲಸಕ್ಕಾಗಿ ಅವರಿಗೆ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯವೂ ಅಲ್ಲಿಯದೇ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಮುದ್ರಣವಾಯಿತು. ಅವರೂ ಕೊನೆಯ ವರ್ಷಗಳನ್ನು ಟ್ಯೂಬಿಂಗೆನ್‌ನಲ್ಲಿ ಕಳೆದು, 1903ರಲ್ಲಿ ಅಲ್ಲಿಯೇ ತೀರಿಕೊಂಡರು. ಏಪ್ರಿಲ್‌ನ ಒಂದು ಶನಿವಾರ ಹೋಗಿ ನದಿಯ ದಂಡೆಯ ಮೇಲೆ ಕೂತು ಅಪ್ಪನಿಗೆ ವಿಡಿಯೊ ಕರೆ ಮಾಡಿದೆ. ಅವರು ಏನೂ ಮಾತಾಡದೆ ನದಿ ನೋಡಿದರು. ನಾನು ಒಂದು ವರ್ಷ ಇಲ್ಲಿಯ ಭಾಷೆಯ ಮುಂದೆ ತಡವರಿಸಿದ್ದಕ್ಕೇ ಇಷ್ಟು ದಣಿದಿದ್ದೇನೆ. ಇಲ್ಲಿಂದ ಹೋಗಿ ನಮ್ಮ ಒಂದೊಂದು ಪದವನ್ನೂ ಹೆಕ್ಕಿ ಕೂಡಿಸಿದವರ ದುಡಿಮೆ ಎಷ್ಟಿರಬೇಕು!

ಅಜ್ಜಿಗೆ ಇದನ್ನು ಹೇಳಿದೆ. ತಮ್ಮ ಊರಿನಲ್ಲಿ ತೀರಿಕೊಂಡ ಈ ಮನುಷ್ಯನ ಹೆಸರನ್ನೇ ಅವರು ಕೇಳಿರಲಿಲ್ಲ. ಮೋಗ್ಲಿಂಗ್ ಎಂದು ಕನ್ನಡದಲ್ಲಿ ಬರೆದುಕೊಡಲು ಹೇಳಿ, ಆ ಚೀಟಿಯನ್ನು ತಮ್ಮ ಫ್ರಿಜ್‌ಗೆ ಅಂಟಿಸಿಕೊಂಡರು.

ಆಗಸ್ಟ್ ಕೊನೆಯಲ್ಲಿ ತಮ್ಮ ಬಾಲ್ಕನಿಗೆ ಕಾಫಿಗೆ ಕರೆದರು. ಮಧ್ಯಾಹ್ನ ಮೂರರ ಮೇಲೆ ಕಾಫಿ, ಜೊತೆಗೆ ಹಣ್ಣಿನ ಕೇಕ್, ಇದು ಇಲ್ಲಿಯ ಪದ್ಧತಿ. ಎರಡನೆಯ ಲೋಟ ಸುರಿಯುತ್ತ, “ಇನ್ನು ನಾವು ನೀನು ಎಂದುಕೊಳ್ಳೋಣ” ಎಂದು ತಮ್ಮ ಮೊದಲ ಹೆಸರು ಹೇಳಿದರು. ಜರ್ಮನ್‌ನಲ್ಲೂ ನಮ್ಮಂತೆ ಎರಡು ಮಾತು: ಜೀ ಎಂದರೆ ನೀವು, ಡೂ ಎಂದರೆ ನೀನು. ನೀನು ಎನ್ನೋಣವೇ ಎಂದು ಮೊದಲು ಕೇಳುವ ಹಕ್ಕು ಹಿರಿಯರದು. ಅದನ್ನು ನಾನು ಓದಿ ತಿಳಿದಿದ್ದೆ. ಆದರೆ ಅದು ಎರಡೂ ಕಡೆಯಿಂದ ಒಟ್ಟಿಗೆ ಬದಲಾಗುತ್ತದೆ ಎಂಬುದು ಆ ಕ್ಷಣದವರೆಗೆ ಮನಸ್ಸಿಗೆ ಇಳಿದಿರಲಿಲ್ಲ. ನಮ್ಮಲ್ಲಿ ಅಜ್ಜಿ ನನ್ನನ್ನು ನೀನು ಎನ್ನುತ್ತಾಳೆ, ನಾನು ನೀವು ಎನ್ನುತ್ತೇನೆ, ಅದರಲ್ಲಿಯೇ ಪ್ರೀತಿಯೂ ಇದೆ ಗೌರವವೂ ಇದೆ. ಇಲ್ಲಿ ನಾನು ಎಪ್ಪತ್ತೆಂಟರ ಹಿರಿಯರನ್ನು ಹೆಸರು ಹಿಡಿದು ನೀನು ಎನ್ನಬೇಕು. ನಾಲಿಗೆ ಏಳಲಿಲ್ಲ. ನಮ್ಮ ಕಡೆ ಇಷ್ಟು ದೊಡ್ಡವರಲ್ಲಿ ತಾಯಿಗೆ ಮತ್ತು ದೇವರಿಗೆ ಮಾತ್ರ ನೀನು ಎನ್ನುತ್ತೇವೆ ಎಂದು ವಿವರಿಸಿದೆ. “ದೇವರಿಗೆ ನಾವೂ ಡೂ ಎನ್ನುತ್ತೇವೆ” ಎಂದು ಅವರು ನಕ್ಕರು. ನೀನು, ನೀವು ಎರಡೂ ಬೇಡದಂಥ ವಾಕ್ಯ ಕಟ್ಟುತ್ತ ನಾನು ಎರಡು ತಿಂಗಳು ತಪ್ಪಿಸಿಕೊಂಡೆ. ಅವರು ಕಾದರು.

2024ರ ದೀಪಾವಳಿ ಅಕ್ಟೋಬರ್ 31, ನವೆಂಬರ್ 1ಕ್ಕೆ ಬಂತು. ನವೆಂಬರ್ 1 ನಮಗೆ ರಾಜ್ಯೋತ್ಸವ. ಇಲ್ಲಿ ಅದು ಸಕಲ ಸಂತರ ದಿನ, ನಮ್ಮ ರಾಜ್ಯದಲ್ಲಿ ರಜೆ, ಮೌನದ ದಿನ. ಜನ ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿಯ ಮೇಲೆ ಕೆಂಪು ಗಾಜಿನ ದೀಪ ಇಡುತ್ತಾರೆ. ಪಟಾಕಿಯ ಮಾತೇ ಇಲ್ಲ. ಜನಸಾಮಾನ್ಯರು ಪಟಾಕಿ ಹೊಡೆಯಬಹುದಾದದ್ದು ಡಿಸೆಂಬರ್ 31 ಮತ್ತು ಜನವರಿ 1ರಂದು ಮಾತ್ರ. ನಾನು ಕಿಟಕಿಯ ಕಟ್ಟೆಯ ಮೇಲೆ ಐದು ಹಣತೆ ಹಚ್ಚಿದೆ. ಮೆಟ್ಟಿಲ ಬಳಿ ಬೆಂಕಿ ಇಡುವಂತಿಲ್ಲ, ಹಾಗಾಗಿ ಬಾಗಿಲಿನ ಹೊರಗೆ ಊರಿನಿಂದ ತಂದ ಪುಡಿಯಿಂದ ಎಂಟು ಎಸಳಿನ ರಂಗೋಲಿ ಮಾತ್ರ ಹಾಕಿದೆ. ಮಧ್ಯಾಹ್ನ ಅಜ್ಜಿ ಗಂಡನ ಸಮಾಧಿಗೆಂದು ದೀಪದ ಚೀಲ ಹಿಡಿದು ಹೊರಟರು. ರಂಗೋಲಿಯ ಮುಂದೆ ನಿಂತು ನೋಡಿ, ಪಕ್ಕದಿಂದ ಹೆಜ್ಜೆ ಇಟ್ಟು ಇಳಿದರು.

ಆ ವಾರ ಹಲಗೆ ಅವರ ಬಾಗಿಲಲ್ಲಿತ್ತು. ಶನಿವಾರ ಬೆಳಗ್ಗೆ ಮೆಟ್ಟಿಲ ಮೇಲೆ ಬಟ್ಟೆ ಎಳೆಯುವ ಸದ್ದು ಕೇಳಿತು. ರಂಗೋಲಿ ಹೋಗುತ್ತದೆ, ಹೋಗಲಿ, ಅವರ ಪಾಳಿ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದರೆ, ಜಗಲಿಯ ಮರದ ನೆಲವೆಲ್ಲ ಒರೆಸಿ ಹೊಳೆಯುತ್ತಿತ್ತು. ರಂಗೋಲಿಯ ಸುತ್ತ ಒಂದು ಗೇಣು ಜಾಗ ಬಿಟ್ಟು, ದುಂಡಗೆ, ಎಸಳು ಅಳಿಯದಂತೆ ಒರೆಸಿದ್ದರು. ಬಾಗಿಲ ಸಂದಿಯಲ್ಲಿ ಒಂದು ಚೀಟಿ. ಅವರ ನೆಟ್ಟನೆಯ ಅಕ್ಷರದಲ್ಲಿ, “ಇದು ಎಲ್ಲಿಯವರೆಗೆ ಇರಬೇಕು?” ಎಂಬ ಪ್ರಶ್ನೆ, ಕೆಳಗೆ ಮೊದಲ ಹೆಸರು.

ಅದೇ ಚೀಟಿಯ ಕೆಳಗೆ, “ನಾಳೆ ರಾತ್ರಿಯವರೆಗೆ. ನಾನೇ ಒರೆಸುತ್ತೇನೆ, ನೀನು ಬಗ್ಗಬೇಡ” ಎಂದು ಬರೆದು, ಅವರ ಬಾಗಿಲಿನ ಹಿಡಿಗೆ, ಹಲಗೆಯ ಹಿಂದೆ ಸಿಕ್ಕಿಸಿ ಬಂದೆ.